ರಿಲೇ ಟೀಮಿನ ಮೂಡ್ ಬುಕ್

ಮುಖ ನೋಡಿ ಮನಸ್ಸು ಓದುವುದರಲ್ಲಿ ನನ್ನನ್ನು ಮೀರಿಸುವವರು ಮಂಗಳೂರಿನಲ್ಲಿ ಯಾರೂ ಇಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ಆದರೂ ಒಂದು ಕನ್ಫೆಷನ್ ಬಾಕಿ ಉಂಟು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಫಳ್ನೀರ್ ಕಡೆಯ ಒಂದು ಕಾನ್ವೆಂಟಿನಲ್ಲಿ ಗೇಮ್ಸ್ ಟೀಚರ್ ಆಗಿದ್ದೆ. ಜೊತೆಗೆ ವಾರಕ್ಕೊಂದು ಮ್ಯಾನರ್ಸ್ ಪೀರಿಯಡ್ ಕೂಡ ನನ್ನದೇ. ಓಟಗಾರರ ಆಯಾಸ ಕಾಲಿಗಿಂತ ಮೊದಲು ಮೂಡಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಯಾವುದೋ ಫಾರಿನ್ ಮ್ಯಾಗಜೀನಿನಲ್ಲಿ ಓದಿದೆ. ತಡಮಾಡದೆ ಒಂದು ನೋಟ್‌ಬುಕ್ಕಿಗೆ ಬ್ರೌನ್ ಪೇಪರ್ ಹೊದಿಸಿ, ಜಿಲ್ಲಾ ಸ್ಪೋರ್ಟ್ಸ್ ಮೀಟಿಗೆ ತಯಾರಾಗುತ್ತಿದ್ದ ರಿಲೇ ಟೀಮಿನ ನಾಲ್ವರು ಹುಡುಗಿಯರ ಮುಂದಿಟ್ಟೆ. ದಿನಾ ಬೆಳಿಗ್ಗೆ ತಮ್ಮ ಮೂಡಿಗೆ ಅವರೇ ಒಂದರಿಂದ ಐದರವರೆಗೆ ಮಾರ್ಕು ಹಾಕಬೇಕು.

ಎರಡು ವಾರ ಎಲ್ಲರದ್ದೂ ಐದು! ಹೆಡ್‌ಮಿಸ್ಟ್ರೆಸ್ ಸಿಸ್ಟರಿಗೆ ತೋರಿಸಿ ಬೀಗಿದೆ. ರಿಲೇಯ ಕೊನೆಯ ಪಾಳಿ ಓಡುವ ಸುಜಾತಾ ಮಾತ್ರ ದಿನೇ ದಿನೇ ನಿಧಾನವಾಗುತ್ತಿದ್ದಳು. ನಾನು ಸ್ಟಾಪ್‌ವಾಚನ್ನು ಬೈದೆ, ಹಳೆಯ ಕ್ಯಾನ್‌ವಾಸ್ ಶೂಗಳನ್ನು ಬೈದೆ, ಸಮುದ್ರದ ಕಡೆಯಿಂದ ಬೀಸುವ ಗಾಳಿಯನ್ನೂ ಬಿಡಲಿಲ್ಲ.

ಪ್ರಾಕ್ಟೀಸಿನ ನಂತರ ಗಂಜಿ ಬಡಿಸುತ್ತಿದ್ದ ಆಯಾ ಕಮಲಕ್ಕ ಒಂದು ದಿನ ನನ್ನನ್ನು ತಡೆದಳು.

"ಟೀಚರೇ, ಸುಜಾತಾ ಮೂರು ದಿನದಿಂದ ಉಪ್ಪಿನಕಾಯಿ ಕೇಳ್ಲಿಲ್ಲ. ಆ ಹುಡುಗಿಗೆ ಸಾಕಾಗಿದೆ."

"ಬುಕ್ಕಲ್ಲಿ ಐದು ಉಂಟು ಕಮಲಕ್ಕ."

"ಓಡುದು ಬುಕ್ಕಾ ಮಾರಾಯ್ರೆ?"

ಸುಜಾತಾಳನ್ನು ಕರೆದು ಹೇಗಿದ್ದೀ ಎಂದು ಕೇಳಿದೆ. "ಫೈನ್, ಥ್ಯಾಂಕ್ಯೂ ಮಿಸ್" ಎಂದು ನಕ್ಕವಳು ಅಲ್ಲೇ ಹುಲ್ಲಿನ ಮೇಲೆ ಕುಸಿದು ಅಳತೊಡಗಿದಳು. ಕಾಲೆಲ್ಲ ಸೀಸ ತುಂಬಿದ ಹಾಗೆ ಭಾರವಂತೆ, ರಿಲೇ ಎಂದರೆ ಸಾಕುಸಾಕಾಗಿದೆಯಂತೆ.

"ಮತ್ತೆ ಐದು ಯಾಕೆ ಬರೆದದ್ದು?"

"ಮತ್ತೆಂತ ಬರೆಯುದು ಮಿಸ್? ಯಾರು ಕೇಳಿದ್ರೂ ಫೈನ್ ಅಂತಲೇ ಹೇಳ್ಬೇಕು, ಮೋರೆ ಸಪ್ಪೆ ಮಾಡುದು ಬ್ಯಾಡ್ ಮ್ಯಾನರ್ಸ್ ಅಂತ ನೀವೇ ಕಲಿಸಿದ್ದಲ್ವಾ?"

ಮೀಟಿಗೆ ಇನ್ನು ನಾಲ್ಕೇ ದಿನ. ಬೇರೊಬ್ಬಳನ್ನು ಹಾಕಿ ಎಂದರು ಸಿಸ್ಟರ್. ನಾನು ಒಪ್ಪಲಿಲ್ಲ. ಮೂರು ದಿನ ಸುಜಾತಾಳನ್ನು ಗ್ರೌಂಡಿಗೇ ಬಿಡಲಿಲ್ಲ, ಗಂಜಿಗೆ ಮಾತ್ರ ಬರಲು ಹೇಳಿದೆ. ಮೂರನೆಯ ದಿನ ಕಮಲಕ್ಕ ದೂರದಿಂದಲೇ ಕೂಗಿದಳು: "ಟೀಚರೇ, ಎರಡು ಸಲ ಉಪ್ಪಿನಕಾಯಿ!"

ಮೀಟಿನ ದಿನ ಬೆಳಿಗ್ಗೆ ಬುಕ್ ತೆರೆದೆ. ಸುಜಾತಾ ನಾಲ್ಕು ಬರೆದಿದ್ದಳು. ಆ ಪ್ರಾಮಾಣಿಕ ನಾಲ್ಕನ್ನು ನೋಡಿದಾಗಲೇ ಕಪ್ ನಮ್ಮದೆಂದು ನನಗೆ ಗೊತ್ತಾಯಿತು, ಸಂಜೆ ಅದು ಬಂತು ಕೂಡ. ಆದರೆ ಬೆಳಿಗ್ಗೆ ಅದೇ ಪುಟದಲ್ಲಿ ನಾಲ್ಕು ಹೆಸರುಗಳ ಕೆಳಗೆ ಯಾರೋ ಪೆನ್ಸಿಲಿನಿಂದ 'ಮಿಸ್' ಎಂದು ಸೇರಿಸಿ, ಅದರ ಮುಂದೆ ಒಂದು ಎಂದು ಮಾರ್ಕು ಕೊಟ್ಟಿದ್ದರು. ಹಿಂದಿನ ರಾತ್ರಿಯಿಡೀ ನಾನು ಕಣ್ಣು ಮುಚ್ಚಿರಲಿಲ್ಲ.

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ರಬ್ಬರಿನಿಂದ ಅದನ್ನು ಅಳಿಸಿ ಐದು ಎಂದು ಬರೆದೆ.