ಬೆತ್ತದ ಕುರ್ಚಿಗೆ ಬಿದ್ದ ಕೆಂಪು ಚೀಟಿ

ಪಂಪು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವ ಸ್ಟೋರಣ್ಣ ಬೆಳಗಿನ ಚಹಾ ಮುಗಿಸಿ ಬರುವಷ್ಟರಲ್ಲಿ, ಅವನ ಬೆತ್ತದ ಕುರ್ಚಿಯ ಬೆನ್ನಿಗೆ ಅಂಗೈಯಗಲದ ಕೆಂಪು ಚೀಟಿ ಅಂಟಿತ್ತು.

ಹೊಸ ಸಾಹೇಬರು ಹಿಂದಿನ ದಿನವಷ್ಟೇ ಎಲ್ಲರಿಗೂ ಈ ಚೀಟಿಯ ಕಟ್ಟು ಹಂಚಿದ್ದರು. ಚೀಟಿ ಅಂಟಿದ್ದೆಲ್ಲ ಸಂಜೆ ಐದಕ್ಕೆ ಗುಜರಿ ಗಾಡಿ ಹತ್ತಬೇಕು. ಯಾವುದಕ್ಕೆ ಅಂಟಿಸಬೇಕೆಂಬ ನಿಯಮದ ಹಾಳೆಯನ್ನೂ ಕೊಟ್ಟಿದ್ದರು. ಅದನ್ನು ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ.

“ಯಾರ್ರೀ ಅಂಟಿಸಿದ್ದು?”

“ನಾನೇ ಅಣ್ಣ,” ಎಂದಳು ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ. “ಅದರ ಕಿರುಗುಟ್ಟೋ ಸದ್ದಿಗೆ ನನ್ನ ತಲೆ ಚಿಟ್ಟು ಹಿಡಿದಿದೆ.”

“ಕೂರೋನು ನಾನು, ಬೇಡ ಅನ್ನೋದು ನೀವಾ?”

ಹದಿನೇಳು ವರ್ಷದಲ್ಲಿ ಆ ಕುರ್ಚಿ ಅವನ ಸೊಂಟದ ಅಳತೆಗೇ ತಗ್ಗಿತ್ತು. ಬೇರೆಲ್ಲಿ ಕೂತರೂ ಹತ್ತೇ ನಿಮಿಷಕ್ಕೆ ನಡು ಹಿಡಿದುಕೊಳ್ಳುತ್ತಿತ್ತು. ಅವನು ಚೀಟಿಗೆ ಕೈಹಾಕಿದ.

“ಮುಟ್ಟೀರಾ! ಸಾಹೇಬರ ಸಹಿ ಇಲ್ದೆ ಕಿತ್ತರೆ ಮೆಮೊ!”

ಸಾಹೇಬರ ಕೋಣೆಗೆ ಓಡಿದರೆ, ಅವರು ಮೀಟಿಂಗಿನಲ್ಲಿದ್ದರು. ಬಾಗಿಲಲ್ಲೇ ಕಾದು ಕಾದು ಸೋತು ನಾಲ್ಕೂವರೆಗೆ ಮರಳಿದರೆ ಕುರ್ಚಿಯೇ ಇಲ್ಲ.

“ಕೆಂಪು ಅಂದ್ರೆ ಅರ್ಜೆಂಟ್ ಅಲ್ವಾ?” ಎಂದ ವಾಚ್‌ಮನ್. “ಆಗ್ಲೇ ಗೇಟಿಗೆ ಸಾಗಿಸಿಬಿಟ್ಟೆ.”

ಗೇಟಿನಲ್ಲಿ ಪೇಂಟರ್ ಕುರ್ಚಿಗೆ ಪಂಪಿನ ಹಸಿರು ಬಣ್ಣ ಬಳಿದು ಬ್ರಷ್ ಒರೆಸಿಕೊಳ್ಳುತ್ತಿದ್ದ. “ಚೀಟಿ ಇದ್ದದ್ದಕ್ಕೆಲ್ಲ ಬಣ್ಣ ಬಳೀಬೇಕು ತಾನೇ, ಸ್ಟೋರಣ್ಣ?”

ಸ್ಟೋರಣ್ಣನಿಗೆ ಅಳು ಬಂತು. ಉಗ್ರಾಣಕ್ಕೆ ಹೋಗಿ ನಿಯಮದ ಹಾಳೆಗಾಗಿ ತಡಕಾಡಿದ. ಅವನದೇ ಹಾಳೆಯಲ್ಲಿ ಅವನೇ ವಾಷರುಗಳನ್ನು ಪೊಟ್ಟಣ ಕಟ್ಟಿಟ್ಟಿದ್ದ! ಬಿಚ್ಚಿ, ಎಣ್ಣೆ ಒರೆಸಿ ಓದಿದ: ‘ಮೂವತ್ತು ದಿನ ಯಾರೂ ಬಳಸದ ವಸ್ತುವಿಗೆ ಮಾತ್ರ ಕೆಂಪು ಚೀಟಿ.’

ಅಷ್ಟರಲ್ಲಿ ಗುಜರಿ ಗಾಡಿಯ ಹಾರನ್ ಕೇಳಿತು. ಅವನು ಓಡಿಬಂದವನೇ ಹಿಂದೆಮುಂದೆ ನೋಡದೆ ಹಸಿ ಬಣ್ಣದ ಮೇಲೆ ಕೂತುಬಿಟ್ಟ. ಹಮಾಲರಿಬ್ಬರು ಸ್ವಲ್ಪ ಯೋಚಿಸಿ, ಮದುಮಗನನ್ನು ಎತ್ತುವಂತೆ ಕುರ್ಚಿಯ ಸಮೇತ ಅವನನ್ನೂ ಎತ್ತಿದರು.

“ಇಳಿಸ್ರೋ! ಏನಿದು?” ಸಾಹೇಬರ ದನಿ ಕೇಳಿತು.

ಕುರ್ಚಿಯ ಸಮೇತ ನೆಲಕ್ಕಿಳಿದ ಸ್ಟೋರಣ್ಣ ಕೂತಲ್ಲೇ ಹಾಳೆಯನ್ನು ಗಟ್ಟಿಯಾಗಿ ಓದಿದ. “ಈ ಕುರ್ಚೀನ ದಿನಾ ಬಳಸ್ತೀನಿ, ಸಾರ್!”

“ಅದಕ್ಕೆ ಸಾಕ್ಷಿ?”

ಸ್ಟೋರಣ್ಣ ಮೇಲೆದ್ದು ಹಿಂದೆ ತಿರುಗಿದ. ಪ್ಯಾಂಟಿನ ಮೇಲೆ ಬೆತ್ತದ ಹೆಣಿಗೆ ಅಚ್ಚುಕಟ್ಟಾದ ಹಸಿರು ಚೌಕಗಳಾಗಿ ಮೂಡಿತ್ತು.

ಇಡೀ ಕಾರ್ಖಾನೆ ಚಪ್ಪಾಳೆ ತಟ್ಟಿತು. ಸಾಹೇಬರು ನಗು ತಡೆಯಲಾರದೆ ಸಹಿ ಹಾಕಿ, ತಮ್ಮ ಕೈಯಾರೆ ಚೀಟಿ ಕಿತ್ತರು. ಹಮಾಲರು ಈ ಸಲ ಮೆರವಣಿಗೆಯಲ್ಲೇ ಕುರ್ಚಿಯನ್ನು ಉಗ್ರಾಣಕ್ಕೆ ಹೊತ್ತರು. ಹಿಗ್ಗಿನಲ್ಲಿ ಸ್ಟೋರಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಈ ಚೀಟಿಯ ಅರ್ಥ ಗೊತ್ತಿರೋ ಗಂಡಸು ನೀವೊಬ್ರೇ ಕಣ್ರೀ!” ಸಾಹೇಬರು ಬೆನ್ನು ತಟ್ಟಿದರು. “ನಾಳೆಯಿಂದ ನಮ್ಮ ಎಲ್ಲಾ ಶಾಖೆಗೂ ಹೋಗಿ ಹೇಳ್ಕೊಟ್ಟು ಬನ್ನಿ.”

“ಆಗ್ಲಿ ಸಾರ್!” ಸ್ಟೋರಣ್ಣ ಎದೆಯುಬ್ಬಿಸಿದ. “ಎಷ್ಟು ದಿನ?”

“ಜಾಸ್ತಿ ಏನಿಲ್ಲ. ಮೂವತ್ತೊಂದು.”

ಸ್ಟೋರಣ್ಣ ಗಾಬರಿಯಿಂದ ಉಗ್ರಾಣಕ್ಕೆ ಓಡಿದ. ಟೈಪಿಸ್ಟ್ ಅಕ್ಕ ಆಗಲೇ ನಿಯಮದ ಹಾಳೆ ಓದಿ ಮುಗಿಸಿ, ಕ್ಯಾಲೆಂಡರಿನಲ್ಲಿ ಮೂವತ್ತು ದಿನ ಎಣಿಸಿ ಬರುವ ತಿಂಗಳ ಆ ತಾರೀಕಿಗೆ ಸುತ್ತು ಹಾಕುತ್ತಿದ್ದಳು.