ನಮ್ಮ ಭಾವನವರು ನಿಲ್ಲಿಸಿದ ಯುದ್ಧ

ಈ ದೇಶದ ಯಾವ ಮೂಲೆಯ ಬಂದೂಕು ಯಾವಾಗ ತಣ್ಣಗಾಯಿತು ಎಂಬುದು ದಿಲ್ಲಿಗಿಂತ ಮೊದಲು ಹಿಮಾಯತ್‌ನಗರದ ನಮ್ಮ ಭಾವನವರಿಗೆ ಗೊತ್ತಾಗುತ್ತದೆ! ಪ್ರಾಮಿಸ್. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಸುಳ್ಳು ಹೇಳಲು ಕಲಿಸಿಲ್ಲ. ಸ್ವಲ್ಪ ದೊಡ್ಡದು ಮಾಡಿ ಹೇಳುವುದನ್ನು ನಾನೇ ಕಲಿತೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ರಕ್ಷಣಾ ಕಾರ್ಖಾನೆಯೊಂದರಲ್ಲಿ ಆಯುಷ್ಯವೆಲ್ಲ ಇನ್‌ಸ್ಪೆಕ್ಟರ್ ಆಗಿದ್ದವರು. ಮುರಿದ ಬಿಡಿಭಾಗ ಕೈಗೆ ಬಂದರೆ ಯಾಕೆ ಮುರಿಯಿತು ಎಂದು ರಿಪೋರ್ಟ್ ಬರೆಯುವುದು ಅವರ ಕೆಲಸ. ರಿಟೈರ್ ಆದ ಮರುದಿನವೇ ಜ್ಞಾನೋದಯವಾಯಿತು: ಮುರಿದದ್ದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಕೂಡಿಕೊಂಡದ್ದರ ಬಗ್ಗೆ ಬರೆಯುವವರು ಯಾರು? ತಗೊಳ್ಳಿ, ಅಕ್ಕನ ಷೋಕೇಸ್ ಹೊರಗೆ ಹೋಯಿತು, ಆ ಗೋಡೆಗೆ ಇಂಡಿಯಾ ಮ್ಯಾಪ್ ಬಂತು! ಗುಂಡು ಹಾರುವಲ್ಲಿ ಕೆಂಪು ಪಿನ್ನು, ನಿಂತಲ್ಲಿ ಹಸಿರು. ಕರೀಂನಗರದ ಪಿನ್ನು ಹಸಿರಾದ ದಿನ ಶಾವಿಗೆ ಪಾಯಸ ಮಾಡಿಸಿದ್ದರು. ಯಾರ ಬರ್ತ್‌ಡೇ ಎಂದು ಕೇಳಿದ ನೆಂಟರಿಗೆ ಏನೆಂದು ಹೇಳುವುದು?

"ನಿಮ್ಮ ಮ್ಯಾಪಿನಾಗ ನಮ್ಮ ಅಡಗಿಮನಿ ಎಲ್ಲಿ ಐತ್ರಿ? ಅಲ್ಲೊಂದು ಕೆಂಪಂದು ಚುಚ್ಚ್ರಿ," ಎಂದಳು ಅಕ್ಕ, ಪಾತ್ರೆ ಕುಕ್ಕುತ್ತ.

ಭಾವನ ಥಿಯರಿ ಸಿಂಪಲ್. ಜಗಳ ನಿಲ್ಲಬೇಕಾದರೆ ಜಗಳವಾಡುವವರು ದಣಿದಿರಬೇಕು. ಜಗಳದಿಂದಲೇ ಹೊಟ್ಟೆ ಹೊರೆಯುವವರಿಗೆ ಬೇರೆ ಕಸುಬು ಸಿಗಬೇಕು. ಎಲ್ಲಕ್ಕಿಂತ ಮುಖ್ಯ, ತಲೆ ತಗ್ಗಿಸದೆ ವಾಪಸ್ ಬರಲು ಒಂದು ದಾರಿ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅಪ್ಪನ ಬಂದೂಕು ಮಗನ ಕೈಗೆ ಹೋಗುತ್ತದೆಯಂತೆ. ಇದನ್ನು ಅವರು ತರಕಾರಿಯವನಿಗೆ, ಆಟೊದವನಿಗೆ, ಹಲ್ಲು ಕೀಳುವಾಗ ಡೆಂಟಿಸ್ಟಿಗೂ ಹೇಳಿದ್ದಾರೆ. ಬಾಯಿ ತೆರೆದುಕೊಂಡೇ!

ಪ್ರಯೋಗವೂ ನಡೆಯಿತು. ಅಪಾರ್ಟ್‌ಮೆಂಟಿನ ಎರಡು ಫ್ಯಾಮಿಲಿಗಳಿಗೆ ಕಾರು ನಿಲ್ಲಿಸುವ ಜಾಗಕ್ಕಾಗಿ ಒಂಬತ್ತು ವರ್ಷದ ವೈರ. ಭಾವ ಮೂರು ವಾರ ಇಬ್ಬರ ಮನೆಗೂ ಹತ್ತಿ ಇಳಿದು ಸಂಧಾನ ಮಾಡಿದರು. ಕೊನೆಗೆ ಆ ಎರಡೂ ಮನೆಯವರು ಒಂದಾಗಿ ಸೊಸೈಟಿಗೆ ಒಂದೇ ಕಾಗದದಲ್ಲಿ ದೂರು ಕೊಟ್ಟರು, ಭಾವನ ಮೇಲೆ! ಇವರೋ, "ಶಾಂತಿ ಆತಲ್ಲ?" ಎಂದು ಕಾಲರ್ ಸರಿಮಾಡಿಕೊಂಡರು.

ಆದರೆ ಒಂದು ಕೇಸ್ ಅವರ ನಿದ್ದೆ ಕೆಡಿಸಿತ್ತು. ನಮ್ಮ ಗ್ರೌಂಡ್ ಫ್ಲೋರಿನಲ್ಲಿ ಬ್ಲೌಸ್ ಹೊಲಿಯುವ ಸ್ವರೂಪ. ಹದಿನೈದರ ವಯಸ್ಸಿಗೆ ಕ್ರಾಂತಿಯ ಹಾಡು ಕೇಳುತ್ತ ಕೇಳುತ್ತ ಬಂದೂಕಿನವರ ಹಿಂದೆ ಕಾಡಿಗೆ ಹೋದವಳು. ಅವಳನ್ನು ಹುಡುಕಿಕೊಂಡು ಹೋದ ಅಣ್ಣ ಎರಡು ಕಡೆಯ ಗುಂಡಿನ ನಡುವೆ ಸಿಕ್ಕು ಸತ್ತ. ವರ್ಷಗಳ ನಂತರ ಸ್ವರೂಪ ಶರಣಾಗಿ ಹೊರಬಂದಳು, ಸರ್ಕಾರ ಹೊಲಿಗೆ ಮಷಿನ್ ಕೊಟ್ಟಿತು. ತಾಯಿ ಮಾತ್ರ ಬಾಗಿಲು ತೆಗೆಯಲಿಲ್ಲ. ಅಣ್ಣನನ್ನು ಕರೆದುಕೊಂಡು ಬಾ, ಆಮೇಲೆ ನೋಡೋಣ ಎಂದಳಂತೆ, ಒಳಗಿನಿಂದಲೇ.

"ಇಡೀ ಕರೀಂನಗರ ಜಿಲ್ಲಾ ತಣ್ಣಗಾಗೇತಿ," ಭಾವ ನನ್ನೆದುರು ಕೂತು ಕೇಳಿದರು. "ಒಂದು ಮನಿ ಯಾಕ ಆಗವಲ್ದು?"

"ಅಲ್ಲಿ ಪಿನ್ನು ಚುಚ್ಚಾಕ ಜಾಗಿಲ್ಲ ಭಾವ. ಬಿಡ್ರಿ," ಎಂದೆ.

ಬಿಡುವ ಜೀವವೇ ಅದು? ಎರಡು ಬಸ್ ಬದಲಿಸಿ ಸ್ವರೂಪಳ ತಾಯಿಯ ಹಳ್ಳಿಗೇ ಹೋದರು! ಮುದುಕಿ ನೀರು ಕೊಟ್ಟಳು, ಮಾತು ಕೊಡಲಿಲ್ಲ. ಹೊರಡುವಾಗ ಇಷ್ಟೇ ಹೇಳಿದಳಂತೆ: ಜನವರಿಯಲ್ಲಿ ಊರ ಹೆಂಗಸರ ಜೊತೆ ನಿಮ್ಮ ನಗರದ ನಾಂಪಲ್ಲಿಗೆ ಎಕ್ಸಿಬಿಷನ್ ನೋಡಲು ಬರುತ್ತೇನೆ, ಎಕ್ಸಿಬಿಷನ್ ನೋಡಲು ಮಾತ್ರ.

ಭಾವನಿಗೆ ಅಷ್ಟು ಸಾಕಾಯಿತು. ನ್ಯೂಟ್ರಲ್ ವೆನ್ಯೂ! ತೆಲುಗಿನಲ್ಲಿ ಅಜೆಂಡಾ ಟೈಪ್ ಮಾಡಿಸಿದರು. ಮೊದಲನೇ ವಿಷಯ, ಪರಸ್ಪರ ಪರಿಚಯ. ತಾಯಿಗೆ, ಮಗಳನ್ನು! ಮಿರ್ಚಿ ಬಜ್ಜಿ ಅಂಗಡಿಯ ಪಕ್ಕ ಐದು ಕುರ್ಚಿ ಹಾಕಿಸಿದರು. ಸ್ವರೂಪ ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವಳ ಬೆರಳು ಸೆರಗಿನ ಅಂಚನ್ನು ಹೊಲಿಯುವಂತೆ ಓಡುತ್ತಿತ್ತು.

ಮುದುಕಿ ಬಂದಳು, ಕೂತಳು, ಮಗಳ ಕಡೆ ನೋಡಲಿಲ್ಲ. ಭಾವ ಕೆಮ್ಮಿ ಅಜೆಂಡಾ ಓದತೊಡಗಿದರು. ಮೊದಲ ಸಾಲು ಮುಗಿಯುವ ಮೊದಲೇ ಅವಳು ಎದ್ದು ನಡೆದುಬಿಟ್ಟಳು. ಎಲ್ಲ ಮುಗಿಯಿತು ಎಂದುಕೊಂಡೆ ನಾನು. ಅಕ್ಕ ನನ್ನ ಕೈ ಹಿಡಿದಳು.

ನಾಲ್ಕು ಅಂಗಡಿ ದಾಟಿ ಬಳೆಯ ಸಾಲಿನ ಮುಂದೆ ಮುದುಕಿ ನಿಂತಳು. ಹಸಿರು ಗಾಜಿನ ಬಳೆ ತೋರಿಸಿ, ಟೂ-ಟೂ ಸೈಜು ಕೊಡು ಎಂದಳು. ಯಾವ ಪಾಪುವಿಗಮ್ಮ ಎಂದು ಬಳೆಯವನು ಕೇಳಿದ. ಮುದುಕಿ ಹಿಂದಕ್ಕೆ ಕೈ ಚಾಚಿದಳು, ತಿರುಗದೆ, ಜಾತ್ರೆಯ ಗದ್ದಲದಲ್ಲಿ ಮಗುವಿನ ಕೈಗೆ ಚಾಚುವಂತೆ. ಸ್ವರೂಪ ಓಡಿದಳು.

ಬಳೆ ಗೆಣ್ಣು ದಾಟಲಿಲ್ಲ. ಒಂದು ಒಡೆಯಿತು, ಇನ್ನೊಂದೂ ಒಡೆಯಿತು. ಮನೆಯಿಂದ ಹೋದ ದಿನದ ಕೈ ಅಷ್ಟೇ ಆ ತಾಯಿಗೆ ಗೊತ್ತಿದ್ದದ್ದು. ಆ ದೊಡ್ಡ, ಒರಟು ಕೈಯನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಬಳೆಯವನು ಟೂ-ಎಯ್ಟ್ ತೆಗೆದಿಟ್ಟುಕೊಂಡು ಕಾದ.

ಅಜೆಂಡಾದಲ್ಲಿ ಇನ್ನೂ ಆರು ವಿಷಯಗಳಿದ್ದವು. ಭಾವ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ನಡೀರಿ," ಎಂದರು ನಮ್ಮಿಬ್ಬರಿಗೂ, ಮೆಲ್ಲಗೆ. "ನಮ್ಮದೇನೂ ಕೆಲಸಿಲ್ಲ ಇಲ್ಲಿ."