ರಟ್ಟಿನ ಕುರ್ಚಿಯೂ ಮಾವನ ಭಾರವೂ

"ಆ ರಟ್ಟಿನ ಕುರ್ಚಿ ನನ್ನ ಭಾರ ತಡೀತು ಅಂದ್ರೆ, ಅಳಿಯಂದ್ರೇ, ನೀವು ಧಾರಾಳವಾಗಿ ಕಾಲೇಜಿಗೆ ಹೋಗಿ. ಮುರೀತೋ, ಆಮೇಲೆ ಈ ಮನೇಲಿ ಓದಿನ ಮಾತು ಎತ್ತಬಾರದು."

ಚಹಾದ ಲೋಟ ಕೆಳಗಿಟ್ಟು ಮಾವ ಎದ್ದಾಗ ಅವರು ಕೂತಿದ್ದ ತೇಗದ ಕುರ್ಚಿಗೆ ಹೋದ ಜೀವ ಬಂದಂತಾಯಿತು. ಮಾವನದು ಅಂಥಿಂಥ ಮೈಯಲ್ಲ. ಅವರು ಹೊಸಿಲಲ್ಲಿ ನಿಂತರೆ ಮನೆಗೆ ಬೇರೆ ಬಾಗಿಲೇ ಬೇಡ. ಕುರ್ಚಿ ಮೇಜುಗಳ ದೊಡ್ಡ ಅಂಗಡಿ ಇಟ್ಟವರು. ಗಿರಾಕಿಗೆ ಅನುಮಾನ ಬಂದರೆ ತಾವೇ ಹೋಗಿ ಧೊಪ್ಪನೆ ಕೂತು ತೋರಿಸುತ್ತಿದ್ದರು. ಆಮೇಲೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ.

ಅಳಿಯ ಆ ಅಂಗಡಿಯ ಮ್ಯಾನೇಜರು. ಅಂದರೆ ಬಿಲ್ಲು ಬರೆಯುವವನು, ಸೋಫಾದ ಧೂಳು ಒರೆಸುವವನು. ಅಳಿಯ ಅಲ್ಲ, ಮಗಳ ಗಂಡ ಅನ್ನುತ್ತಾರಲ್ಲ, ಹಾಗೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಮಾವನ ಡಿಗ್ರಿ ಸರ್ಟಿಫಿಕೇಟು ಗಾಜಿನ ಕಟ್ಟಿನೊಳಗೆ ತೂಗುತ್ತಿತ್ತು. ಅದರ ಕೆಳಗೆ ಕೂತು ಕೂತು ತಾನೂ ಅಂಗಡಿಯ ಒಂದು ಸಾಮಾನಾಗಿಬಿಟ್ಟೆ ಎಂದು ಅಳಿಯನಿಗೆ ಹೆದರಿಕೆ ಹತ್ತಿತ್ತು. ಅವನು ಓದಿದ್ದು ಸಸ್ಯಶಾಸ್ತ್ರ, ಕನಸು ಕಂಡದ್ದು ಕಟ್ಟಡಗಳನ್ನು. ಬೇರೆ ವಿಷಯ ಓದಿದವರಿಗೂ ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಮುಂದೆ ಓದಲು ಸೀಟು ಕೊಡುತ್ತಾರೆ, ಆದರೆ ಅದಕ್ಕೆ ಮೊದಲು ಒಂದು ಸಣ್ಣ ಶಿಬಿರದಲ್ಲಿ ಗೆದ್ದು ತೋರಿಸಬೇಕು ಎಂದು ತಿಳಿದ ದಿನವೇ ಮಾವನ ಮುಂದೆ ಕೈಕಟ್ಟಿ ನಿಂತು ರಜ ಕೇಳಿಕೊಂಡಿದ್ದ.

ಶಿಬಿರದಲ್ಲಿ ಗೆರೆ ಎಳೆದ, ರಟ್ಟು ಕೊಯ್ದ, ರಟ್ಟಿನ ಜೊತೆಗೆ ಬೆರಳನ್ನೂ ಕೊಯ್ದುಕೊಂಡ. ಕೊನೆಯ ಪರೀಕ್ಷೆ ಒಂದು ಕುರ್ಚಿ. ಮೊಳೆ ಇಲ್ಲ, ಗೋಂದಿಲ್ಲ, ದಾರವಿಲ್ಲ, ಮರವಂತೂ ಕೂಡದೇ ಕೂಡದು. ಬರೀ ರಟ್ಟಿಗೆ ಸೀಳು ಕೊಯ್ದು, ಒಂದರೊಳಗೊಂದನ್ನು ಕಚ್ಚಿಸಿ ಮನೆಯಲ್ಲೇ ನಿಲ್ಲಿಸಿ ತರಬೇಕು. ಅದರ ಮೇಲೆ ಮನುಷ್ಯ ಕೂರಬೇಕು. ಮನೆಯವರೂ ಬಂದು ನೋಡಬಹುದು ಎಂದಿದ್ದೇ ತಡ, "ನೋಡೋದೇನು, ನಾನೇ ಕೂರ್ತೀನಿ" ಎಂದು ಮಾವ ಹೊರಟು ನಿಂತಿದ್ದರು.

ಕುರ್ಚಿ ಆಟೋದಲ್ಲಿ ಹಿಡಿಸಲಿಲ್ಲ. ಅಳಿಯ ಅದನ್ನು ತಲೆಯ ಮೇಲಿಟ್ಟುಕೊಂಡು ಮೊದಲೇ ಹೊರಟ. ಬೀದಿಗಿಳಿದು ಎರಡು ಹೆಜ್ಜೆ ಹಾಕಿರಲಿಲ್ಲ, ಎದುರುಮನೆಯ ಟೈಲರಮ್ಮ ಹೊಲಿಗೆ ಬಿಟ್ಟು ಓಡಿಬಂದಳು.

"ಇದೇನ್ರೀ ಅಳಿಯಂದ್ರೇ, ಫ್ರಿಜ್ಜು ತಂದ ಡಬ್ಬಾನ ವಾಪಸ್ ಕೊಡ್ತೀರಾ?"

"ಕುರ್ಚಿ ಅಮ್ಮ."

"ಕುರ್ಚೀನಾ! ಇಳಿಸಿ, ಇಳಿಸಿ, ಕೂತು ನೋಡೋಣ."

"ಬೇಡಮ್ಮ, ಪರೀಕ್ಷೆಗೆ ಕೊಡಬೇಕು..." ಎನ್ನುವುದರೊಳಗೆ ಕುರ್ಚಿ ನೆಲದ ಮೇಲಿತ್ತು, ಟೈಲರಮ್ಮ ಕುರ್ಚಿಯ ಮೇಲಿದ್ದಳು. ಅವಳನ್ನು ನೋಡಿ ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರು ಬಂದರು. ಕೂತು, "ರೈಟ್, ರೈಟ್!" ಎಂದು ಸೀಟು ತಟ್ಟಿದರು. ಅವರನ್ನು ನೋಡಿ ಮೂಲೆಮನೆಯ ಪೈಲ್ವಾನ ಬಂದ. ನೋಡುನೋಡುತ್ತಿದ್ದಂತೆ ಸಾಲು ನಿಂತಿತು. ಒಬ್ಬೊಬ್ಬರು ಕೂತಾಗಲೂ ಅಳಿಯ ಕಣ್ಣು ಮುಚ್ಚಿದ. ಒಬ್ಬೊಬ್ಬರು ಎದ್ದಾಗಲೂ ಎದೆ ಒಂದೊಂದು ಅಂಗುಲ ಉಬ್ಬಿತು. ಕುರ್ಚಿ ಕುಯ್ಯೋ ಎನ್ನಲಿಲ್ಲ, ಮರ್ರೋ ಎನ್ನಲಿಲ್ಲ.

"ಹೆಂಗಿದೆ ಅಮ್ಮ, ಬರೀ ರಟ್ಟು!" ಎಂದ ಅಳಿಯ, ಹೆಮ್ಮೆ ತಡೆಯಲಾರದೆ.

ಟೈಲರಮ್ಮ ಹತ್ತಿರ ಬಂದು ದನಿ ಇಳಿಸಿದಳು. "ನನ್ನ ಹತ್ರ ಯಾಕೆ ಮುಚ್ಚುಮರೆ ಅಳಿಯಂದ್ರೇ? ಬೆಳಿಗ್ಗೆ ನಿಮ್ಮತ್ತೆ ಇಷ್ಟುದ್ದ ಮರದ ರೀಪು ಹಿಡ್ಕೊಂಡು ಇದರ ಅಡಿಗೆ ತುರುಕ್ತಾ ಕೂತಿದ್ರು. ಕಿಟಕೀಲಿ ನಾನೇ ಕಣ್ಣಾರೆ ಕಂಡೆ. ಯಾರಿಗೂ ಹೇಳಲ್ಲ ಬಿಡಿ."

ಯಾರಿಗೂ ಹೇಳಲ್ಲ ಎಂದು ಅವಳು ಹೇಳಿದ್ದು ಇಡೀ ಸಾಲಿಗೆ ಕೇಳಿಸಿತು. ಅಳಿಯನ ಎದೆ ಗಾಳಿ ಹೋದ ಟ್ಯೂಬಾಯಿತು. ಬೀದಿ ದಾಟಿದ ಕೂಡಲೇ ಅತ್ತೆಗೆ ಫೋನ್ ಮಾಡಿದ.

"ಅತ್ತೇ, ಕುರ್ಚಿ ಒಳಗೆ ಏನಾದ್ರೂ ಇಟ್ರಾ?"

"ನೀವು ಧೈರ್ಯವಾಗಿ ಹೋಗಿ. ಬೀಳಲ್ಲ. ನಾನೆಲ್ಲಾ ಯೋಚ್ನೆ ಮಾಡಿದ್ದೀನಿ. ನಿಮ್ಮ ಮಾವನ ಸೊಂಟ ನನ್ನ ಹೊಣೆ" ಎಂದು ಅತ್ತೆ ಫೋನ್ ಇಟ್ಟೇಬಿಟ್ಟರು.

ಇನ್ನು ಹೇಳುವುದೇನಿದೆ! ಕುರ್ಚಿ ಬಿಚ್ಚಿ ನೋಡೋಣವೆಂದರೆ ಮತ್ತೆ ಜೋಡಿಸಲು ಅರ್ಧ ದಿನ ಬೇಕು. ಕಿವಿಗೆ ಹಿಡಿದು ಅಲುಗಾಡಿಸಿದ. ಏನೋ ಲೊಟಕ್ ಎಂದಂತೆ ಕೇಳಿಸಿತು. ಎತ್ತಿದ, ನಿನ್ನೆಗಿಂತ ಭಾರ ಅನ್ನಿಸಿತು. ಮರ ಸಿಕ್ಕರೆ ಶಿಬಿರದಿಂದ ಕತ್ತು ಹಿಡಿದು ನೂಕುತ್ತಾರೆ. ಮರವಿಲ್ಲದಿದ್ದರೆ ಮಾವ ಕೂತ ಗಳಿಗೆಯಲ್ಲೇ ಕುರ್ಚಿ ಚಟ್ನಿ. ಅತ್ತ ದರಿ, ಇತ್ತ ಪುಲಿ.

ಶಿಬಿರದ ಹಾಲ್‌ನಲ್ಲಿ ಆಗಲೇ ಪರೀಕ್ಷೆ ಜೋರಾಗಿತ್ತು. ಒಬ್ಬಳ ಕುರ್ಚಿ ಕೂತೊಡನೆ ಚಾಪೆಯಾಯಿತು. ಇನ್ನೊಬ್ಬನದು ಸ್ವಲ್ಪ ಹೊತ್ತು ಯೋಚಿಸಿ, ಬಲಕ್ಕೆ ವಾಲಿ, ಕೂತವರನ್ನೂ ಕರೆದುಕೊಂಡು ಮಲಗಿತು. ಇದೆಲ್ಲಕ್ಕಿಂತ ಹೆಚ್ಚಾಗಿ ಅಳಿಯ ಬೆಚ್ಚಿದ್ದು ಮೇಜಿನ ಮೇಲಿದ್ದ ಗರಗಸ ಕಂಡು. ಶಿಬಿರ ನಡೆಸುವ ಪ್ರೊಫೆಸರಿಗೆ ಹುಡುಗರು ಗರಗಸ ಎಂದೇ ಹೆಸರಿಟ್ಟಿದ್ದರು. ಕುಯ್ದು ಒಳಗೆ ನೋಡದೆ ಯಾವ ಕಟ್ಟಡವೂ ಅರ್ಥವಾಗುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಗೆದ್ದ ಕುರ್ಚಿಯನ್ನು ಎಲ್ಲರ ಮುಂದೆ ನಡುಮಧ್ಯೆ ಕುಯ್ದು ತೋರಿಸುವುದು ಅಲ್ಲಿನ ವಾಡಿಕೆ.

ಅಷ್ಟರಲ್ಲಿ ಮಾವ ಬಂದರು. ಹಿಂದೆ ಉದ್ದನೆಯ ಬಟ್ಟೆಚೀಲ ಅವುಚಿಕೊಂಡು ಅತ್ತೆ.

"ಎಲ್ಲಿ, ನಮ್ಮದು ಯಾವುದು?" ಎಂದು ಕೇಳಿ ಮಾವ ಅಂಗಡಿಯಲ್ಲಿ ಕೂರುವಂತೆಯೇ ಧೊಪ್ಪನೆ ಕೂತರು.

ಏನೂ ಆಗಲಿಲ್ಲ. ಮಾವ ಎದ್ದು ಇನ್ನೊಮ್ಮೆ ಕೂತರು. ಹಿಂದಕ್ಕೆ ಒರಗಿದರು. ಎರಡೂ ಕಾಲು ಎತ್ತಿದರು. ಕುರ್ಚಿ ಬಂಡೆಯ ಹಾಗೆ ನಿಂತಿತ್ತು. ಚಪ್ಪಾಳೆಗೆ ಇಡೀ ಹಾಲ್ ಅದುರಿತು. ಮಾವ ಮಾತ್ರ ಏಳಲೇ ಇಲ್ಲ. ಬಗ್ಗಿ, ಸೀಳುಗಳ ಮೇಲೆ ಬೆರಳಾಡಿಸುತ್ತ, "ಮೊಳೆ ಇಲ್ವಾ? ಗೋಂದೂ ಇಲ್ವಾ? ಮತ್ತೆ ನನ್ನ ಭಾರ ಎಲ್ಲಿ ಹೋಯ್ತು ಸ್ವಾಮಿ?" ಎಂದು ಪ್ರೊಫೆಸರನ್ನು ಕೇಳಿದರು. ಭಾರ ಯಾವ ದಾರಿ ಹಿಡಿದು ನೆಲ ಸೇರುತ್ತದೆ ಎಂದು ಅವರು ಬೆರಳಿಟ್ಟು ತೋರಿಸುತ್ತ ಹೋದಂತೆ, ಆಟಿಕೆ ಕಂಡ ಮಗುವಿನ ಹಾಗೆ ಮಾವನ ಬಾಯಿ ತೆರೆದುಕೊಂಡಿತು.

ಕೊನೆಗೆ ಮಾವನನ್ನು ಎಬ್ಬಿಸಿ ಪ್ರೊಫೆಸರು ಗರಗಸ ಎತ್ತಿಕೊಂಡರು. ಅಳಿಯನಿಗೆ ತಡೆಯಲಾಗಲಿಲ್ಲ.

"ಕುಯ್ಬೇಡಿ ಸಾರ್! ಒಳಗೆ ಮರ ಇದೆ. ನಾನಿಟ್ಟಿದ್ದಲ್ಲ, ಆದ್ರೂ ಕುರ್ಚಿ ನನ್ನದು. ತಪ್ಪೂ ನನ್ನದೇ. ನಾನು ಸೋತೆ."

"ಇದ್ರೆ ಗರಗಸಕ್ಕೆ ಸಿಗುತ್ತೆ" ಎಂದು ಪ್ರೊಫೆಸರು ಪರಪರ ಕುಯ್ದರು. ಕುರ್ಚಿ ಎರಡು ಹೋಳಾಯಿತು. ಒಳಗೆ ಜೇನುಗೂಡಿನ ಹಾಗೆ ರಟ್ಟು, ರಟ್ಟು, ಬರೀ ರಟ್ಟು. ಮರದ ಒಂದು ಸಿಬಿರೂ ಇರಲಿಲ್ಲ.

ಅಳಿಯ ಅತ್ತೆಯ ಮುಖ ನೋಡಿದ.

"ತುರುಕೋಕೆ ಹೋದದ್ದು ನಿಜ ಕಣ್ರೀ" ಎಂದರು ಅತ್ತೆ. "ಎಲ್ಲಿ ತುರುಕ್ಲಿ? ಬೆರಳು ತೂರೋಷ್ಟೂ ಸಂದಿ ಬಿಟ್ಟಿಲ್ಲ ನೀವು! ಅದಕ್ಕೇ ಕೈಯಲ್ಲೇ ಹಿಡ್ಕೊಂಡು ಬಂದೆ. ಬೀಳೋ ಹೊತ್ತಿಗೆ ಇವರ ಬೆನ್ನಿಗೆ ಕೊಟ್ಟು ನಿಲ್ಲಿಸೋಣ ಅಂತ." ಚೀಲದಿಂದ ಮರದ ರೀಪು ಹೊರಬಂತು.

ಹಾಲ್‌ನಲ್ಲಿದ್ದವರೆಲ್ಲ ನಕ್ಕು ನಕ್ಕು ಸುಸ್ತಾದರು. ಪ್ರೊಫೆಸರು ಅಳಿಯನ ಹೆಗಲು ತಟ್ಟಿ, "ಕುರ್ಚಿಗಿಂತ ನೀನೇ ಗಟ್ಟಿ ಕಣಯ್ಯಾ" ಎಂದು ಅಲ್ಲೇ ಶಿಫಾರಸು ಬರೆದುಕೊಟ್ಟರು. ಅಳಿಯನಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವುದೂ ಮರೆತುಹೋಯಿತು. ಬಿಲ್ಲು ಬರೆದ ಕೈ ಇನ್ನು ಮನೆ ಬರೆಯುತ್ತದೆ ಎಂದುಕೊಂಡ.

ಬೀದಿಗೆ ಬಂದಾಗ ಮೆರವಣಿಗೆಯೇ ಆಯಿತು. ಒಂದು ಹೋಳು ಪೈಲ್ವಾನನ ಹೆಗಲ ಮೇಲೆ, ಇನ್ನೊಂದು ಕಂಡಕ್ಟರ ಕೈಯಲ್ಲಿ. ಮಾವ ಅಂಗಡಿಯ ಬಾಗಿಲಲ್ಲಿ ನಿಂತರು.

"ಅಳಿಯಂದ್ರೇ, ಮಾತು ಅಂದ್ರೆ ಮಾತು. ನೀವು ಕಾಲೇಜಿಗೆ ಹೋಗೇ ಹೋಗ್ತೀರಿ."

"ನಿಮ್ಮ ಉಪಕಾರ ಮರೆಯಲ್ಲ ಮಾವ!"

"ನಾನು ವಾಪಸ್ ಬಂದ ಮೇಲೆ."

"ಎಲ್ಲಿಂದ ಮಾವ?"

"ಕಾಲೇಜಿಂದ! ಜೀವಮಾನವೆಲ್ಲ ಕುರ್ಚಿ ಮಾರಿದೆ, ಅದು ಹೆಂಗೆ ನಿಂತಿದೆ ಅಂತ ಒಂದು ದಿನ ಕೇಳಿದ್ನಾ? ಇವತ್ತು ಕಣ್ಣು ತೆರೆಸಿಬಿಟ್ರಿ ನೀವು. ಡಿಗ್ರಿ ಒಂದಿದ್ರೆ ಸಾಕು, ವಯಸ್ಸಿನ ಅಡ್ಡಿ ಇಲ್ಲ ಅಂದ್ರು ಪ್ರೊಫೆಸರು. ಮುಂದಿನ ಶಿಬಿರಕ್ಕೆ ಹೆಸರು ಕೊಟ್ಟೇ ಬಂದೆ. ಅದು ಮುಗಿಸಿ ಕಾಲೇಜೂ ಮುಗಿಸ್ತೀನಿ. ನೀವಿನ್ನೂ ಚಿಕ್ಕವರು, ನಿಮಗೇನು ಅವಸರ?" ಎನ್ನುತ್ತ ಮಾವ ಒಳಗೆ ಹೋಗಿ ಗೋಡೆಯ ಸರ್ಟಿಫಿಕೇಟು ಇಳಿಸಿ, ಅಂಗಿಯ ತುದಿಯಿಂದ ಅಕ್ಕರೆಯಿಂದ ಒರೆಸಿದರು.

"ಹಾಗಾದ್ರೆ... ಅಂಗಡಿ?"

ಮಾವ ಬೀಗದ ಕೈ ಗೊಂಚಲನ್ನು ಅಳಿಯನ ಅಂಗೈಗೆ ಹಾಕಿದರು. "ಅದಕ್ಕೇನು ಯೋಚನೆ? ನೀವಿದ್ದೀರಲ್ಲ!"

ಟೈಲರಮ್ಮ ಗಲ್ಲಾದವರೆಗೂ ನುಗ್ಗಿ ಬಂದಳು. "ಅಳಿಯಂದ್ರೇ, ಕೊನೆಗೂ ಗೆದ್ದವರು ಯಾರು, ಅದನ್ನ ಹೇಳಿ."

"ಕುರ್ಚಿ ಅಮ್ಮ" ಎಂದು ಅಳಿಯ ಬಿಲ್ಲು ಪುಸ್ತಕ ಬಿಚ್ಚಿದ.